ಕೊನೆಯ ಹಲ್ಲಿನ ಆಚೆ

ಆ ಅಮವಾಸ್ಯೆಯ ರವಿವಾರ ಏನೇನು ಕೆಡಬಹುದಿತ್ತು ಎಂಬುದರ ಪಟ್ಟಿಯನ್ನು ನಾನು ಹಿಂದಿನ ದಿನವೇ ಮನಸ್ಸಿನಲ್ಲಿ ತಯಾರಿಸಿಟ್ಟುಕೊಂಡಿದ್ದೆ. ಜಮಖಂಡಿಯಿಂದ ಬನಹಟ್ಟಿಗೆ ಹೋಗುವ ಬಸ್ಸು ಬರದೇ ಇರಬಹುದಿತ್ತು. ಬಂದರೂ, ಕಬ್ಬಿನ ಹಂಗಾಮಾದ್ದರಿಂದ, ಸಮೀರವಾಡಿಯ ಸಕ್ಕರೆ ಕಾರ್ಖಾನೆ ಕಡೆಗೆ ಹೊರಟ ಟ್ರ್ಯಾಕ್ಟರೊಂದು ತನ್ನ ಎರಡು ಟ್ರೇಲರುಗಳ ಸಮೇತ ರಸ್ತೆಗೆ ಅಡ್ಡಡ್ಡ ಮಗುಚಿ ಬಿದ್ದಿರಬಹುದಿತ್ತು. ನಾನು ಒಯ್ದಿದ್ದ ಬ್ಯಾಟರಿಯ ಶೆಲ್ಲು ಮುಗಿದಿರಬಹುದಿತ್ತು. ಅಕ್ಕೋರು ಮನೆಯಲ್ಲಿ ಇಲ್ಲದೇ ಇರಬಹುದಿತ್ತು. ಇದ್ದು, ನನ್ನ ನಾಲಿಗೆಯ ಎಡ ಅಂಚಿನ ಹುಣ್ಣನ್ನು ಬೆರಳಿನಿಂದ ಮುಟ್ಟಿ, ಏನೂ ಮಾತಾಡದೆ ಕೈ ತೊಳೆಯಲು ಎದ್ದು ಹೋಗಬಹುದಿತ್ತು. ಮರುದಿನ ಡಾಕ್ಟರು ಅದರ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬಹುದಿತ್ತು. ಆ ಚೂರು ದಾರಿಯಲ್ಲಿ ಇನ್ಯಾರದೋ ಚೂರಿನೊಂದಿಗೆ ಅದಲುಬದಲಾಗಬಹುದಿತ್ತು. ಆಗದೆಯೂ ಅದು ಅದೇ ಆಗಿರಬಹುದಿತ್ತು. ಆಮೇಲೆ ನಾಲಿಗೆಯಲ್ಲಿ ಅರ್ಧ ಹೋಗಿ, ಕೋರ್ಟಿನಲ್ಲಿ ಕೇಸಿನ ನಂಬರು ಕೂಗುವ ನನ್ನಂಥ ಬೆಂಚ್ ಕ್ಲರ್ಕಿನ ಬಾಯಿಂದ ಬರುವುದು ನಂಬರೋ ನರಳಾಟವೋ ತಿಳಿಯದೆ ವಕೀಲರು ಒಬ್ಬರ ಮುಖ ಒಬ್ಬರು ನೋಡಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಕೆಟ್ಟದ್ದು ಬೇರೆಯೇ, ಬಹಳ ಸಣ್ಣದು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿಬಿಡುವ ಧೈರ್ಯ ನನ್ನಲ್ಲಿಲ್ಲ.

ಅಕ್ಕೋರು ಹೋದ ತಿಂಗಳು ತೀರಿಕೊಂಡರು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತೇವೆ. ಬನಹಟ್ಟಿಯ ಸಾಲೆಯಲ್ಲಿ ನನಗೆ ಎಂಟನೆಯ ಇಯತ್ತೆಯಿಂದ ವಿಜ್ಞಾನ ಕಲಿಸಿದವರು. ಜೀವಮಾನವಿಡೀ ಮಕ್ಕಳಿಗೆ ಬಾಯಿಯ ಪಾಠ ಹೇಳಿದ ಅವರು ಹೋದದ್ದು ಬಾಯಿಯ ಬೇನೆಯಿಂದಲೇ. ಮಣ್ಣಿಗೆ ಹೋದಾಗ ಇದನ್ನು ಒಬ್ಬರ ನಂತರ ಒಬ್ಬರು ನನಗೆ ಹೇಳಿದರು, ನನಗೆ ಗೊತ್ತಿಲ್ಲವೇನೋ ಎಂಬಂತೆ. ‘ನೋಡ್ರಿ ಎಂಥಾ ದೈವ,’ ಎಂದರು. ನಾನು ತಲೆಯಾಡಿಸಿದೆ. ದೈವದ ಮೇಲೆ ಹಾಕಲು ಬರುವಂಥದ್ದಾಗಿದ್ದರೆ ನಾನು ಈ ಬರಹಕ್ಕೆ ಕೂರುತ್ತಿರಲಿಲ್ಲ.

ಅಕ್ಕೋರು ಮನುಷ್ಯರ ಮುಖ ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಹೊಸಬರು ಯಾರಾದರೂ ಎದುರಿಗೆ ನಿಂತು ಮಾತಾಡಿದರೆ ಅಕ್ಕೋರ ಕಣ್ಣು ಮೂಗಿನಿಂದ ಕೆಳಗೆ ನೆಟ್ಟಿರುತ್ತಿತ್ತು. ಎದುರಿನವರು ಮೀಸೆಗೆ ಅನ್ನದ ಅಗುಳು ಹತ್ತಿದೆಯೇನೋ ಎಂದು ಒರೆಸಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ ಅಕ್ಕೋರು ನಮಗೆ ಹೇಳುತ್ತಿದ್ದರು: ‘ಇವ ನೇಕಾರ ಅದಾನ. ಮುಂದಿನ ಹಲ್ಲ ನೋಡ್ರಿ, ಎಳಿ ಕಚ್ಚಿ ಕಚ್ಚಿ ಗೀರು ಬಿದ್ದೈತಿ.’ ಅಥವಾ, ‘ಆಕಿ ಬಲಗಡೆ ಅಷ್ಟ ಅಗಿತಾಳ. ಎಡಗಡೆ ಏನೋ ನೋವೈತಿ, ಮನ್ಯಾಗ ಹೇಳಿಲ್ಲ.’ ಹೇಳಿದ್ದು ತಪ್ಪುತ್ತಿರಲಿಲ್ಲ. ಹೀಗಾಗಿ ಊರಲ್ಲಿ ಅವರ ಎದುರಿಗೆ ನಗುವಾಗ ಜನ ಕೈ ಅಡ್ಡ ಹಿಡಿಯುತ್ತಿದ್ದರು.

ಅವರ ಮುಂದಿನ ಹಲ್ಲಿಗೂ ಅಂಥದೇ ಒಂದು ಗೀರು ಇತ್ತು. ಅವರ ಅಪ್ಪ ಕೈಮಗ್ಗದ ನೇಕಾರ. ಲಾಳಿಯ ಹೊಟ್ಟೆಯೊಳಗೆ ನೂಲಿನ ಕಂಡಿಕೆ ಕೂರಿಸಿ, ಲಾಳಿಯ ಪಕ್ಕದ ಸಣ್ಣ ತೂತಿಗೆ ತುಟಿ ಹಚ್ಚಿ ಉಸಿರು ಜಗ್ಗಿದರೆ ಎಳೆ ಹೊರಗೆ ಬಂದು ಬಾಯಿಗೆ ಸೇರುತ್ತದೆ. ಎಳೆಯ ಜೊತೆ ನೂಲಿನ ದೂಳು, ಬಣ್ಣ, ಗಂಜಿ. ಚಿಕ್ಕಂದಿನಲ್ಲಿ ಅಪ್ಪನಿಗೆ ಲಾಳಿ ತುಂಬಿ ಕೊಡುವ ಕೆಲಸ ಇವರದು. ‘ಕೆಂಪು ಸೀರಿ ನೇಯೂ ಮುಂದ ನಮ್ಮಪ್ಪನ ಉಗುಳು ಕೆಂಪು, ಹಸರು ಸೀರಿ ನೇಯೂ ಮುಂದ ಹಸರು,’ ಎನ್ನುತ್ತಿದ್ದರು. ‘ಊರಾಗ ಯಾವ ಸೀರಿ ಹೊಂಟೈತಿ ಅನ್ನೂದು ಕಟ್ಟಿ ಮ್ಯಾಲಿನ ಉಗುಳು ನೋಡಿ ಗೊತ್ತಾಗ್ತಿತ್ತು.’ ನಾವು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ. ಅವರ ಅಪ್ಪ ಕೊನೆಯ ವರ್ಷ ಬರೀ ಅಂಬಲಿ ಕುಡಿದು ಬದುಕಿದ್ದ ಸಂಗತಿ ನನಗೆ ತಿಳಿದದ್ದು ಬಹಳ ತಡವಾಗಿ.

ಅವರ ಬಾಯಿಯ ಪಾಠ ಒಂದು ವಾರ ನಡೆಯುತ್ತಿತ್ತು. ಪುಸ್ತಕದಲ್ಲಿ ಅದು ಒಂದೂವರೆ ಪುಟ. ಎಲ್ಲರೂ ಮನೆಯಿಂದ ಕೈಗನ್ನಡಿ ತರಬೇಕು, ಇಲ್ಲದವರು ಒಡೆದ ಚೂರಿಗೆ ಬಟ್ಟೆ ಸುತ್ತಿಕೊಂಡು ಬರಬೇಕು. ಬೆಳಕು ಬೀಳುವ ಕಡೆ ಸಾಲಾಗಿ ನಿಲ್ಲಿಸಿ ಹೇಳುತ್ತಿದ್ದರು:

‘ಬಾಯಿ ಅಂದ್ರ ನಿಮ್ಮ ಮನಿ ಇದ್ದಂಗ. ತುಟಿ ತಲಬಾಗಲಾ. ತುಟಿ ದಾಟಿದಿರಿ, ಹಲ್ಲು ಇನ್ನಾ ಮುಟ್ಟಿಲ್ಲ, ನಡುವ ಒಂದು ಸಂದಿ ಐತಿ. ಅದು ಪಡಸಾಲಿ. ಬಂದವರೆಲ್ಲಾ ಮೊದಲ ಅಲ್ಲೇ ಕುಂದ್ರತಾರ. ತಂಬಾಕನೂ ಅಲ್ಲೇ ಕುಂದ್ರತೈತಿ. ಹಲ್ಲು ದಾಟಿದ್ರ ನಡುಮನಿ. ಅಲ್ಲಿ ಯಜಮಾನಿ ನಾಲಿಗಿ ಮಲಗಿರ್ತಾಳ. ಈಗ ಕನ್ನಡಿ ಕೆಳಗಿಡ್ರಿ. ಕಣ್ಣು ಮುಚ್ಚರಿ. ಯಜಮಾನಿನ್ನ ಎಬ್ಬಿಸಿ ಮನಿ ನೋಡಾಕ ಕಳಸ್ರಿ.’

ನಲವತ್ತೊಂದು ಹುಡುಗ ಹುಡುಗಿಯರು ಕಣ್ಣು ಮುಚ್ಚಿ ನಾಲಿಗೆ ಆಡಿಸುತ್ತ ನಿಂತಿದ್ದೆವು. ಅವರ ದನಿ ದಾರಿ ತೋರಿಸುತ್ತಿತ್ತು. ಮುಂದಿನ ಹಲ್ಲಿನ ಹಿಂದೆ ಅಂಗುಳಕ್ಕೆ ನೇಗಿಲ ಸಾಲಿನಂಥ ಏರುತಗ್ಗು. ಅಲ್ಲಿಂದ ಹಿಂದಕ್ಕೆ ಗಟ್ಟಿ ಮಾಳಿಗೆ. ಇನ್ನೂ ಹಿಂದಕ್ಕೆ ಹೋದರೆ ಗಟ್ಟಿ ಮುಗಿದು ಮೆತ್ತಗಾಗುತ್ತದೆ, ಅಲ್ಲಿಗೆ ಹೋಗುತ್ತಲೇ ಒಬ್ಬಿಬ್ಬರು ಓಕರಿಸುತ್ತಿದ್ದರು. ನಾಲಿಗೆ ಎತ್ತಿದರೆ ಕೆಳಗೆ ದನಕ್ಕೆ ಕಟ್ಟಿದ ಹಗ್ಗದಂಥ ಒಂದು ತೆಳು ದಾರ. ಅದರ ಬುಡಕ್ಕೆ ಎರಡೂ ಬದಿ ಒಂದೊಂದು ಒರತೆ. ಮೇಲಿನ ದೊಡ್ಡ ಹಲ್ಲಿನ ಎದುರಿಗೆ, ಕೆನ್ನೆಯ ಒಳಮೈಗೆ, ಸಾಸಿವೆಯಷ್ಟು ಉಬ್ಬು. ಅದು ಇನ್ನೊಂದು ಒರತೆ. ಅದನ್ನು ತೋರಿಸಲು ಅಕ್ಕೋರು ಸೆರಗಿನ ಮರೆಯಿಂದ ಹುಣಸೆಹಣ್ಣಿನ ಉಂಡೆ ಹೊರಗೆ ತೆಗೆಯುತ್ತಿದ್ದರು. ಬರೀ ನೋಡಿದ್ದಕ್ಕೇ ನಲವತ್ತೊಂದು ಬಾಯಲ್ಲಿ ನೀರು.

‘ಅಕ್ಕೋರೆ, ಹಿಂದ ಜೋತಾಡೂದು ಏನ್ರಿ?’ ಎಂದು ಒಬ್ಬ ಕೇಳಿದ.

‘ಕಿರುನಾಲಿಗಿ. ನೀ ನೀರ ನುಂಗೂ ಮುಂದ ಅದೂ ಅದರ ಸುತ್ತಿನ ಮೆತ್ತನ್ನ ಅಂಗುಳಾನೂ ಮ್ಯಾಲೆದ್ದು ಮೂಗಿನ ದಾರಿ ಮುಚ್ಚತಾವು. ಇರಲಿಲ್ಲಂದ್ರ ಕುಡದ ನೀರು ನಿನ್ನ ಮೂಗಿನಾಗ ಬರ್ತಿತ್ತು.’

‘ಇವನ ಮೂಗಿನಾಗ ಈಗೂ ಬರತೈತ್ರಿ,’ ಎಂದಳು ಪಕ್ಕದ ಹುಡುಗಿ.

ಪುಸ್ತಕದಲ್ಲಿ ನಾಲಿಗೆಯ ಚಿತ್ರವಿತ್ತು. ತುದಿಗೆ ಸಿಹಿ, ಬದಿಗೆ ಹುಳಿ, ಹಿಂದೆ ಕಹಿ ಎಂದು ಪಾಲು ಹಂಚಿದ್ದರು. ಅಕ್ಕೋರು ಬೆಲ್ಲದ ನೀರಿಗೆ ಕಡ್ಡಿ ಅದ್ದಿ ನಮ್ಮ ನಾಲಿಗೆಯ ಬದಿಗೆ ಮುಟ್ಟಿಸಿದರು. ಅಲ್ಲಿಯೂ ಸಿಹಿ. ನಾನು ಆಗಲೇ ಚಿಂತೆಯ ಹುಡುಗ. ನನ್ನ ನಾಲಿಗೆಯೇ ಕೆಟ್ಟಿದೆ ಎಂದುಕೊಂಡು, ‘ಬದಿಗೆ ಹುಳಿ ಅಷ್ಟ ಗೊತ್ತಾಕ್ಕೈತ್ರಿ’ ಎಂದು ಪುಸ್ತಕದ ಉತ್ತರ ಹೇಳಿದೆ. ಅವರು ನನ್ನ ಬಾಯಿಯನ್ನೇ ಸ್ವಲ್ಪ ಹೊತ್ತು ನೋಡಿದರು.

‘ತಮ್ಮಾ, ಕಂಡದ್ದ ಹೇಳು. ಕಾಣದ್ದ ಕಂಡೇನಿ ಅನಬ್ಯಾಡ. ಪುಸ್ತಕಕ್ಕ ಬ್ಯಾಸರ ಆಕ್ಕೈತಿ ಅಂತ ನಿನ್ನ ನಾಲಿಗಿಗೆ ಸುಳ್ಳ ಕಲಸಬ್ಯಾಡ.’

ಸಾಲೆಯ ಸಿಪಾಯಿಯ ಸಂಗತಿ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಗಂಟೆ ಹೊಡೆಯುವ, ನೀರು ತುಂಬುವ, ನಮ್ಮನ್ನು ಬೈಯುವ ಮನುಷ್ಯ. ಕೆಳದುಟಿಯ ಹಿಂದೆ ಯಾವಾಗಲೂ ಒಂದು ಚಿಟಿಕೆ ತಂಬಾಕು. ಪಡಸಾಲಿಯ ಪಾಠದ ದಿನ ಅಕ್ಕೋರು ಅವನನ್ನು ವರ್ಗಕ್ಕೆ ಕರೆದರು. ‘ಬಾ, ನಿನ್ನ ಪಡಸಾಲಿ ತೋರಸು ಹುಡುಗರಿಗೆ.’ ಅವನಿಗೆ ಖುಷಿ. ಬಾಯಿ ಮುಕ್ಕಳಿಸಿ ಬಂದು, ನಾಟಕದವನ ಹಾಗೆ ನಮ್ಮೆಲ್ಲರಿಗೂ ಕೈ ಮುಗಿದು, ಕೆಳದುಟಿಯನ್ನು ಎರಡು ಬೆರಳಿನಿಂದ ಹೊರಕ್ಕೆ ಮಗುಚಿ ನಿಂತ. ಒಳಗೆ, ತಂಬಾಕು ಕೂರುವ ಜಾಗದಲ್ಲಿ, ಚರ್ಮ ಬಿಳಚಿ, ನೀರಲ್ಲಿ ಬಹಳ ಹೊತ್ತು ನೆನೆದ ಬೆರಳಿನ ಹಾಗೆ ಸುಕ್ಕುಗಟ್ಟಿತ್ತು. ಅಕ್ಕೋರು ಕೋಲಿನ ತುದಿಯಿಂದ ಅದನ್ನು ತೋರಿಸುತ್ತ ಹೋದವರು ಒಂದು ಕಡೆ ನಿಂತರು. ಬಿಳಿಯ ನಡುವೆ ಹೆಸರುಕಾಳಿನಷ್ಟು ಕೆಂಪು.

‘ಇದು ಎಷ್ಟು ದಿನ ಆತು?’

‘ಯಾವುದ್ರಿ?’ ಎಂದ ಅವನು, ತುಟಿ ಹಿಡಿದುಕೊಂಡೇ.

‘ಉರಿ ಐತೇನು?’

‘ಏನೂ ಇಲ್ರಿ. ಗೊತ್ತ ಆಗೂದಿಲ್ಲ.’

ಅಕ್ಕೋರು ನಮ್ಮ ಕಡೆ ತಿರುಗಿ, ‘ಹೊರಗ ಹೋಗಿ ಆಡ್ರಿ,’ ಎಂದರು. ವಿಜ್ಞಾನದ ತಾಸಿನಲ್ಲಿ ಆಡಲು ಬಿಟ್ಟದ್ದು ಅದೊಂದೇ ಸಲ. ನಾವು ಕೂಗುತ್ತ ಓಡಿದೆವು. ನಾನು ಮಾತ್ರ ಬಾಗಿಲ ಬಳಿ ನಿಂತು ಕೇಳಿಸಿಕೊಂಡೆ. ಕೆಟ್ಟ ಸುದ್ದಿಯ ವಾಸನೆ ನನಗೆ ಆಗಿನಿಂದಲೂ ಬೇಗ ಬರುತ್ತದೆ. ‘ನಾಳೆ ಜಮಖಂಡಿಗೆ ನಡಿ, ನಾನೂ ಬರ್ತೇನಿ,’ ಎಂದು ಅವರು ಹೇಳುತ್ತಿದ್ದರು. ‘ನೋವಿಲ್ಲದ್ದಕ್ಕ ಯಾಕ ದವಾಖಾನಿರಿ, ಹಬ್ಬ ಮುಗೀಲಿ ತಗೋರಿ,’ ಎಂದು ಅವನು ಹೇಳುತ್ತಿದ್ದ. ಹಬ್ಬ ಮುಗಿಯಿತು, ಸುಗ್ಗಿ ಬಂತು, ಮಗಳ ಲಗ್ನ ಬಂತು. ಅಕ್ಕೋರು ಪ್ರತಿವಾರ ಕೇಳುವುದು, ಅವನು ಇನ್ನೊಂದು ನೆವ ಹೇಳುವುದು. ಮುಂದಿನ ವರ್ಷ ನಾವು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಅವನು ಮುಖದ ಕೆಳಗಿನ ಅರ್ಧಕ್ಕೆ ಟವೆಲು ಸುತ್ತಿಕೊಂಡು ಬಂದ. ಬೈಯುವುದು ನಿಂತಿತ್ತು. ಗಂಟೆಯನ್ನು ಮಾತ್ರ ಹೊತ್ತು ತಪ್ಪದೆ ಹೊಡೆಯುತ್ತಿದ್ದ. ದೀಪಾವಳಿಯ ರಜೆ ಮುಗಿಸಿ ನಾವು ಬಂದಾಗ ಗಂಟೆ ಹೊಡೆಯುತ್ತಿದ್ದವನು ಬೇರೆ.

ಆ ವರ್ಷವೇ ಅಕ್ಕೋರು ಜೋಡಿಯ ಪದ್ಧತಿ ಹಚ್ಚಿದರು. ತಿಂಗಳಿಗೊಮ್ಮೆ, ಅಮವಾಸ್ಯೆಯ ದಿನ, ಇಬ್ಬಿಬ್ಬರು ಜೋಡಿಯಾಗಿ ಒಬ್ಬರ ಬಾಯಿ ಒಬ್ಬರು ನೋಡಬೇಕು. ಅಮವಾಸ್ಯೆ ಯಾಕೆಂದರೆ ಅವರ ಮನೆಯಲ್ಲಿ ಅಂದು ಮಗ್ಗ ನಡೆಸುತ್ತಿರಲಿಲ್ಲ. ‘ಮಗ್ಗ ನಿಂತ ದಿನ ನಮ್ಮಪ್ಪನ ಬಾಯಿ ಖಾಲಿ ಇರ್ತಿತ್ತು. ಅವತ್ತರೆ ನೋಡಬಹುದಿತ್ತು. ಯಾರೂ ನೋಡಲಿಲ್ಲ,’ ಎಂದಿದ್ದರು ಒಮ್ಮೆ, ಕರಿಹಲಗೆ ಒರೆಸುತ್ತ, ನಮಗೆ ಬೆನ್ನು ಮಾಡಿ.

‘ಕನ್ನಡಿ ಐತಲ್ರಿ, ಜೋಡಿ ಯಾಕ?’ ಎಂದು ಕೇಳಿದವನು ನಾನೇ. ಇನ್ನೊಬ್ಬರ ಬಾಯಿ ಹತ್ತಿರದಿಂದ ನೋಡಿದರೆ ಏನೇನು ಅಂಟಿಕೊಳ್ಳಬಹುದು ಎಂಬ ಲೆಕ್ಕ ನನ್ನದು.

‘ಕನ್ನಡಿಗಿ ಮೂಲಿ ತಿರಗಾಕ ಬರೂದಿಲ್ಲ ತಮ್ಮಾ. ಕೊನೀ ಹಲ್ಲಿನ ಆಚಿ, ನಾಲಿಗಿ ಬುಡದ ಬಾಜೂಕ ಒಂದು ಸಂದಿ ಐತಿ. ನಾಲಿಗಿ ಹೊರಗ ಜಗ್ಗಿ ಒಂದು ಕಡೆ ಸರಸಿದ್ರ ಅಷ್ಟ ಕಾಣತೈತಿ. ಅದನ್ನ ತನಗ ತಾ ನೋಡ್ಕೊಳ್ಳಾಕ ಆಗೂದಿಲ್ಲ. ಅಲ್ಲಿ ಏನರ ಹುಟ್ಟಿದ್ರ ಬಾಯಿ ನೋಯೂದಿಲ್ಲ, ಮೊದಲ ಕಿವಿ ನೋಯತೈತಿ. ಜನಾ ಕಿವಿಗಿ ಎಣ್ಣಿ ಬಿಟ್ಕೊಂಡು ಕುಂಡ್ರತಾರ.’

ನಲವತ್ತೊಂದು ಜನರಲ್ಲಿ ಜೋಡಿಯಾದರೆ ಒಬ್ಬ ಉಳಿಯುತ್ತಾನೆ. ಉಳಿದವನು ನಾನು. ‘ಬಾ, ನೀ ನನ್ನ ಜೋಡಿ,’ ಎಂದರು ಅಕ್ಕೋರು. ಇಡೀ ವರ್ಗ ನಕ್ಕಿತು. ಮೊದಲು ಅವರು ನನ್ನ ಬಾಯಿ ನೋಡಿದರು. ಕರವಸ್ತ್ರದಿಂದ ನಾಲಿಗೆಯ ತುದಿ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿಸಿ, ಕೆನ್ನೆ ಹಿಗ್ಗಿಸಿ, ಬಣವೆಯೊಳಗೆ ಸೂಜಿ ಹುಡುಕುವವರ ಹಾಗೆ. ಆಮೇಲೆ ತಾವು ಕುರ್ಚಿಯಲ್ಲಿ ಕೂತು ಬಾಯಿ ತೆರೆದರು. ‘ಹೇಳಬೇಕು ನೀ. ನಾಲಿಗಿ ಹೊರಗ ಹಾಕ್ರಿ ಅನ್ನು. ಈ ಕಡೆ ಸರಸ್ರಿ ಅನ್ನು.’

ಸಾಲಿ ಕಲಿಸುವವರಿಗೆ ನಾಲಿಗೆ ತೋರಿಸಿದರೆ ಛಡಿ ಏಟು ಬೀಳುವ ಊರು ನಮ್ಮದು. ಅವರಿಗೇ ನಾಲಿಗೆ ಹೊರಗೆ ಹಾಕು ಎನ್ನುವುದು ಹೇಗೆ? ಅವರ ಮುಂದಿನ ಹಲ್ಲಿನ ಗೀರು ಕಂಡಿತು, ಅದರಾಚೆ ನಾನು ನೋಡಲಿಲ್ಲ. ಮೊಳದಷ್ಟು ದೂರ ನಿಂತು, ‘ಎಲ್ಲಾ ಛಲೋ ಐತ್ರಿ ಅಕ್ಕೋರೆ,’ ಎಂದೆ. ಅವರು ನಕ್ಕುಬಿಟ್ಟರು. ‘ಎಷ್ಟ ಮರ್ಯಾದಿ ಕೊಡ್ತೀಯೋ ಮಾರಾಯಾ ನನ್ನ ಬಾಯಿಗೆ.’

ನಾನು ಕಲಿತು, ಕೋರ್ಟಿನ ನೌಕರಿ ಹಿಡಿದು, ಜಮಖಂಡಿಯಲ್ಲಿ ಸಂಸಾರ ಹೂಡಿದೆ. ಅಕ್ಕೋರು ನಿವೃತ್ತರಾಗಿ ಬನಹಟ್ಟಿಯಲ್ಲಿ ತಮ್ಮನ ಮನೆಯ ಮುಂದಿನ ಖೋಲಿಯಲ್ಲಿ ಇದ್ದರು. ಹಿಂದಿನ ಶೆಡ್ಡಿನಲ್ಲಿ ತಮ್ಮನ ಪವರ್‌ಲೂಮುಗಳು. ಅವುಗಳ ಖಟಖಟದಲ್ಲಿ ಮಾತು ಕೇಳದೆ, ಅವರು ಎದುರಿನವರ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದರು. ವರ್ಷಕ್ಕೆ ಮೂರೋ ನಾಲ್ಕೋ ಸಲ, ಅಮವಾಸ್ಯೆ ರಜೆಗೆ ಕೂಡಿ ಬಂದರೆ, ನಾನು ಹೋಗುತ್ತಿದ್ದೆ. ಚಹಾ, ಚುರುಮುರಿ, ಆಮೇಲೆ ಬಾಯಿ. ಮಕ್ಕಳ ತಂದೆಯಾದ ಮೇಲೂ ನಾನು ಅವರೆದುರು ನಾಲಿಗೆ ಚಾಚಿ ಕೂರುತ್ತಿದ್ದೆ. ಅವರ ಸರತಿ ಬಂದಾಗ ನನ್ನ ವಾಕ್ಯ ಸಿದ್ಧವಿರುತ್ತಿತ್ತು. ‘ಎಲ್ಲಾ ಛಲೋ ಐತ್ರಿ.’ ಅವರೂ ಮೊದಮೊದಲು ರೇಗಿಸಿ, ಆಮೇಲೆ ನಂಬತೊಡಗಿದರು. ಮೂವತ್ತು ವರ್ಷ ಅದೇ ಮಾತು ಹೇಳಿದರೆ ಯಾರಾದರೂ ನಂಬುತ್ತಾರೆ.

ಹೋದ ವರ್ಷ ನನ್ನ ನಾಲಿಗೆಯ ಎಡ ಅಂಚಿಗೆ ಹುಣ್ಣಾಯಿತು. ಒಂದು ವಾರ ಬಿಟ್ಟೆ. ಎರಡು ವಾರವಾಯಿತು. ‘ಹದಿನೈದು ದಿನದಾಗ ಮಾಯದ ಹುಣ್ಣು ನಿಂದಲ್ಲ, ಡಾಕ್ಟರಂದು,’ ಎಂಬ ಅಕ್ಕೋರ ಮಾತು ನೆನಪಿತ್ತು. ಆದರೂ ಡಾಕ್ಟರ ಹತ್ತಿರ ಹೋಗಲಿಲ್ಲ. ಹೋದರೆ ಅವರು ಹೆಸರು ಹೇಳಿಬಿಡುತ್ತಾರಲ್ಲ. ನನಗೆ ತಂಬಾಕಿಲ್ಲ, ಎಲೆಯಡಿಕೆಯಿಲ್ಲ. ಆದರೆ ಚಿಕ್ಕವನಿದ್ದಾಗ ನಾನೂ ಲಾಳಿಗೆ ಬಾಯಿ ಹಚ್ಚಿದವನು. ಸಿಪಾಯಿಯ ಟವೆಲು ಕಣ್ಣ ಮುಂದೆ ಬರತೊಡಗಿತು. ಬಚ್ಚಲಲ್ಲಿ ಕನ್ನಡಿ ಹಿಡಿದು ನಿಂತಿದ್ದಾಗ ಹೆಂಡತಿ ಹೊರಗಿನಿಂದ ಹೇಳಿದಳು: ‘ಚಿಂತಿ ಮಾಡೂದಕ್ಕ ಕೋರ್ಟಿನ್ಯಾಗ ಒಂದು ಹುದ್ದೆ ಇದ್ದಿದ್ರ ನೀವು ಇಷ್ಟೊತ್ತಿಗಿ ಜಡ್ಜ ಆಗಿರ್ತಿದ್ರಿ. ಅಕ್ಕೋರಿಗರೆ ತೋರಿಸಿ ಬರ್ರಿ, ನಮಗ ಬಚ್ಚಲಾ ಬಿಟ್ಟಂಗ ಆಕ್ಕೈತಿ.’

ಆ ರವಿವಾರ ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಕಬ್ಬಿನ ಟ್ರ್ಯಾಕ್ಟರುಗಳು ತಮ್ಮ ಪಾಡಿಗೆ ತಾವು ಬದಿಗೆ ಸರಿದು ದಾರಿ ಬಿಟ್ಟವು. ಅಮವಾಸ್ಯೆಯಾದ್ದರಿಂದ ತಮ್ಮನ ಶೆಡ್ಡು ಸುಮ್ಮನಿತ್ತು. ಆ ಸುಮ್ಮನಿರುವಿಕೆ ನನಗೆ ಸೇರಲಿಲ್ಲ. ಅಕ್ಕೋರು ಕಿವಿಗೆ ಹತ್ತಿ ಇಟ್ಟುಕೊಂಡು ಬಾಗಿಲಲ್ಲೇ ಕೂತಿದ್ದರು. ಚಪ್ಪಲಿ ಬಿಡುತ್ತ ನಾನು ಎರಡು ಮಾತಾಡಿದ್ದೆ ಅಷ್ಟೇ.

‘ಎಡಗಡೆ ಏನಾಗೈತಿ?’

‘ಏನಿಲ್ರಿ ಅಕ್ಕೋರೆ, ಸಣ್ಣ...’

‘ಕುಂಡ್ರು. ಬ್ಯಾಟರಿ ತಂದೀಯೇನು?’

ತಂದಿದ್ದೆ. ಬ್ಯಾಟರಿ ಹತ್ತಿತು. ಅವರು ಕರವಸ್ತ್ರದಿಂದ ನನ್ನ ನಾಲಿಗೆ ಹಿಡಿದು ಬಲಕ್ಕೆ ಸರಿಸಿದರು. ಬೆಳಕು ಹಾಕಿ ನೋಡಿದರು. ತೋರುಬೆರಳು ತೊಳೆದುಕೊಂಡು ಬಂದು ಹುಣ್ಣಿನ ಸುತ್ತ ಮೆಲ್ಲಗೆ ಒತ್ತಿದರು. ಅವರ ಮುಖ ನನ್ನ ಮುಖಕ್ಕೆ ಗೇಣಿನಷ್ಟು ಹತ್ತಿರ. ಸಿಪಾಯಿಯ ತುಟಿ ನೋಡಿದಾಗಿನ ಮುಖ ಅದು ಹೌದೋ ಅಲ್ಲವೋ ಎಂದು ನಾನು ಹುಡುಕುತ್ತಿದ್ದೆ. ಹೊರಗೆ ಯಾರದೋ ಎಮ್ಮೆ ಕೂಗಿತು. ಆಮೇಲೆ ಅವರ ಬೆರಳು ಹುಣ್ಣು ಬಿಟ್ಟು ಪಕ್ಕದ ಕೆಳಹಲ್ಲಿನ ಮೇಲೆ ಹೋಗಿ ಅಲ್ಲೇ ಹಿಂದೆ ಮುಂದೆ ಆಡಿತು.

‘ಏನ ಕಡದಿ?’

ರೊಟ್ಟಿಯಲ್ಲಿ ಕಲ್ಲು ಸಿಕ್ಕಿತ್ತು, ಹಿಂದಿನ ತಿಂಗಳು. ನಾನು ಮರೆತೇಬಿಟ್ಟಿದ್ದೆ. ನಾಲಿಗೆ ಅವರ ಕೈಯಲ್ಲಿದ್ದುದರಿಂದ ಹೇಳಲೂ ಆಗಲಿಲ್ಲ.

‘ಹಲ್ಲಿನ ಚೂರು ಹಾರೈತಿ. ಅಂಚು ಬ್ಲೇಡ್ ಆಗೈತಿ. ಮಾತಾಡಿದಾಗೊಮ್ಮೆ ನಾಲಿಗಿ ಕೊಯ್ಯಾಕತ್ತೈತಿ. ಹುಣ್ಣು ಮೆತ್ತಗೈತಿ, ಬುಡ ಗಟ್ಟಿ ಇಲ್ಲ. ಆದ್ರೂ ನನ್ನ ಬೆರಳ ಡಾಕ್ಟರಲ್ಲ. ನಾಳೆ ಹೋಗಿ ಹಲ್ಲ ತಿಕ್ಕಿಸಿಕೊ. ಹದಿನೈದು ದಿನ ನೋಡು. ಮಾಯಲಿಲ್ಲಂದ್ರ ಚೂರು ತೆಗಸು. ಹಬ್ಬ ಮುಗೀಲಿ ಅನಬ್ಯಾಡ.’

ಮರುದಿನ ಜಮಖಂಡಿಯ ಹಲ್ಲಿನ ಡಾಕ್ಟರು ಅದನ್ನೇ ಹೇಳಿದರು, ಹಲ್ಲಿನ ಅಂಚು ತಿಕ್ಕಿ ನುಣ್ಣಗೆ ಮಾಡಿದರು. ಹತ್ತನೆಯ ದಿನ ಹುಣ್ಣು ಇರಲಿಲ್ಲ. ನಾನು ಫೋನಿನಲ್ಲಿ ಹೇಳಿದಾಗ ಅಕ್ಕೋರು, ‘ಛಲೋ ಆತು. ಕಿವಿ ಯಾಕೋ ಮಂದ ಆಗೇತಿ ತಮ್ಮಾ, ಜೋರಲೆ ಹೇಳು,’ ಎಂದರು. ನಾನು ಜೋರಾಗಿ ಹೇಳಿದೆ.

ಯುಗಾದಿಯ ಹೊತ್ತಿಗೆ ಅವರ ಕತ್ತಿನ ಬಲಗಡೆ ಗಂಟು ಕಾಣಿಸಿತು. ಅವರ ತಮ್ಮ ಅವರನ್ನು ದೊಡ್ಡ ಊರಿನ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿಯ ಡಾಕ್ಟರು ನಾಲಿಗೆಯನ್ನು ಜಗ್ಗಿ ಎಡಕ್ಕೆ ಸರಿಸಿ ಒಮ್ಮೆ ನೋಡಿದರಂತೆ. ಅಷ್ಟು ಸಾಕಾಯಿತಂತೆ. ಬಲಗಡೆ, ಕೊನೆಯ ಹಲ್ಲಿನ ಆಚೆ, ನಾಲಿಗೆಯ ಬುಡದ ಬದಿಗೆ. ‘ಇವರ ಬಾಯಿ ಯಾರೂ ನೋಡಿಲ್ಲೇನು? ನಾಕೈದು ತಿಂಗಳ ಹಿಂದ ಬಂದಿದ್ರ ಮಾತ ಬ್ಯಾರೆ ಇತ್ತು,’ ಎಂದರಂತೆ. ತಮ್ಮ ಇದನ್ನು ನನಗೆ ಹೇಳಿದ್ದು ದೂರಲೆಂದು ಅಲ್ಲ. ನಾನು ಅವರ ಜೋಡಿ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.

ಕೊನೆಯ ಸಲ ಹೋದಾಗ ಅವರಿಗೆ ಮಾತಿರಲಿಲ್ಲ. ಹಾಸಿಗೆಯ ಪಕ್ಕ ಒಂದು ಪಾಟಿ, ಬಳಪ. ಮುಖದ ಕೆಳಗಿನ ಅರ್ಧಕ್ಕೆ ಬಿಳಿ ಪಂಚೆಯ ತುಂಡು. ನಾನು ಬಾಗಿಲಲ್ಲೇ ನಿಂತೆ. ಅಂಥ ಬಟ್ಟೆಯನ್ನು ನಾನು ಒಮ್ಮೆ ನೋಡಿದ್ದೆ, ಬೇರೆ ಮುಖದ ಮೇಲೆ. ಅವರು ಕೈಸನ್ನೆ ಮಾಡಿ ಹತ್ತಿರ ಕರೆದರು, ಪಾಟಿ ತೆಗೆದುಕೊಂಡು ಬರೆದರು: ‘ಅಮವಾಸಿ. ಬಾಯಿ ತಗಿ.’

ಅಂದು ಅಮವಾಸ್ಯೆ ಎಂಬುದು ನನಗೆ ಮರೆತಿತ್ತು. ಮಂಡಿಯೂರಿ ಕೂತು ಬಾಯಿ ತೆರೆದೆ. ಅವರು ಕರವಸ್ತ್ರದಿಂದ ನಾಲಿಗೆ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿಸಿದರು, ಕೊನೆಯ ಹಲ್ಲಿನ ಆಚೆ ಎರಡೂ ಕಡೆ ಬೆಳಕು ಹಾಕಿದರು, ಹಳೆಯ ಹುಣ್ಣಿನ ಜಾಗವನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ಪಾಟಿಯ ಮೇಲೆ: ‘ಛಲೋ ಐತಿ.’

ನಾನು ಏಳಲಿಲ್ಲ. ಮೂವತ್ತು ವರ್ಷದ ಅಭ್ಯಾಸದಂತೆ ಅವರ ಸರತಿಗಾಗಿ ಕಾದೆ, ಈ ಸಲ ನೋಡಿಯೇ ನೋಡುತ್ತೇನೆ ಎಂದು. ಅವರು ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದರು. ನಾನೇನೂ ಮಾತಾಡಿರಲಿಲ್ಲ, ತುಟಿ ಅಲುಗಿತ್ತೋ ಏನೋ. ಪಾಟಿಯನ್ನು ಅಂಗೈಯಿಂದ ಒರೆಸಿ ಬರೆದರು: ‘ನಂದು ಬ್ಯಾಡ ಬಿಡು. ನಿನಗ ಸಂಕೋಚ.’

ಈಗ ಆ ರವಿವಾರದ ಉಳಿದ ಸಂಗತಿ. ಬಸ್ಸು ಬಂದಿತ್ತು, ಬ್ಯಾಟರಿ ಹತ್ತಿತ್ತು, ನನ್ನ ಹುಣ್ಣು ಮೆತ್ತಗಿತ್ತು, ನಾನು ಬದುಕಿದ್ದೆ. ಚಹಾ ಬಂತು. ಅಕ್ಕೋರು ಕಿವಿಯ ಹತ್ತಿಯನ್ನು ಸರಿಮಾಡಿಕೊಂಡು, ‘ಥಂಡಿಗೆ ಬಲಗಿವಿ ಜಗ್ಗಾಕತ್ತೈತಿ, ನಾಕ ಹನಿ ಎಣ್ಣಿ ಬಿಟ್ಟೇನಿ,’ ಎಂದರು. ಬ್ಯಾಟರಿಯನ್ನು ನನ್ನ ಕೈಗೆ ಕೊಟ್ಟು ಬೆಳಕಿಗೆ ಮುಖ ಮಾಡಿ ಕೂತು ಬಾಯಿ ತೆರೆದರು. ನಾನು ನನ್ನ ನಾಲಿಗೆಯ ತುದಿಯಿಂದ ಒಡೆದ ಹಲ್ಲಿನ ಅಂಚನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ, ನಾಳೆ ಡಾಕ್ಟರು ಬೇರೆ ಏನಾದರೂ ಹೇಳಿದರೆ ಎಂದು. ಅವರ ಮುಂದಿನ ಹಲ್ಲಿನ ಗೀರು ಕಂಡಿತು.

‘ಹಿಂದಿಂದು ನೋಡ್ದೇನು?’ ಎಂದು ಅವರು ಕೇಳಿದರು.

‘ನೋಡೇನ್ರಿ,’ ಎಂದೆ.